ದೆವ್ವದ ರಾಣಿಗೆ ಕರ್ಪೂರ

ಲೇ ನವೀನ, ನಿನ್ನೆ ಫೋನಿನ ಗುಂಪಿನಲ್ಲಿ ಏನು ಬರೆದೆ ನೀನು? ತಾತನಿಗೆ ಮರೆವು, ಹೋಳಿಗೆ ತಿಂದದ್ದನ್ನೂ ದೆವ್ವ ನೋಡಿದ್ದನ್ನೂ ಕಲಸಿ ಹೇಳುತ್ತಾನೆ ಅಂತಲ್ಲವೇ? ಅದಕ್ಕೆ ನಗುವ ಮುಖ ಒತ್ತಿದವರೂ ಇದ್ದೀರಿ, ಯಾರ್‍ಯಾರು ಅಂತ ನೋಡಿಕೊಂಡಿದ್ದೇನೆ. ಹಲ್ಲು ಹೋಗಿದೆ, ಮಂಡಿ ಹೋಗಿದೆ, ತಲೆ ಎಲ್ಲಿಗೂ ಹೋಗಿಲ್ಲ. ಆ ದಿನ ಬೆಳಿಗ್ಗೆ ರಾಯದುರ್ಗದ ಆ ಮನೆಯಲ್ಲಿ ಚಿತ್ರಾನ್ನಕ್ಕೆ ಉಪ್ಪು ಜಾಸ್ತಿಯಾಗಿತ್ತು, ಯಾರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಮಾಡಿದವಳು ಆ ಮನೆಯ ಅತ್ತೆ, ಅಂದರೆ ನನ್ನ ತಂಗಿ. ಅದೂ ನೆನಪಿದೆ ನನಗೆ. ನಿಮಗೆ ಫೋನಿನ ಚಾರ್ಜರ್ ಎಲ್ಲಿಟ್ಟಿರಿ ಅನ್ನುವುದು ನೆನಪಿರುವುದಿಲ್ಲ, ನನ್ನ ಮರೆವಿನ ಮಾತಾಡುತ್ತೀರಿ. ಹೋಳಿಗೆಯೂ ಇತ್ತು, ದೆವ್ವವೂ ಇತ್ತು, ಎರಡೂ ಒಂದೇ ದಿನ. ಬರೆಯಲು ನನಗಾಗದು, ಫೋನಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದೇನೆ. ಕೇಳಿ.

ನನ್ನ ತಂಗಿ ಚಿನ್ನಕ್ಕನನ್ನು ನಮ್ಮ ಅಗಳಿಯಿಂದ ರಾಯದುರ್ಗಕ್ಕೆ ಕೊಟ್ಟದ್ದು ನಿಮಗೆ ಗೊತ್ತು. ಗಂಡ ದೊಡ್ಡತಿಮ್ಮಪ್ಪ, ಭೈರವಾನಿತಿಪ್ಪ ಡ್ಯಾಮಿನ ಕಾಲುವೆಯಲ್ಲಿ ತೂಬು ಎತ್ತಿ ಇಳಿಸುವ ಲಸ್ಕರ್ ಆಗಿದ್ದ. ನೀರು ಅವನು ನಿಲ್ಲು ಅಂದರೆ ನಿಲ್ಲುತ್ತಿತ್ತು, ಮನೆಯವರೂ ಹಾಗೇ ನಿಲ್ಲುತ್ತಾರೆ ಅಂದುಕೊಂಡಿದ್ದ. ಮಗ ಗಿರೀಶ ಗೂಡ್ಸ್ ಆಟೋದಲ್ಲಿ ಜೀನ್ಸ್ ಗಂಟುಗಳನ್ನು ಬಳ್ಳಾರಿಗೆ ಸಾಗಿಸುತ್ತಾನೆ. ಅವನಿಗೆ ನನ್ನ ತಮ್ಮನ ಮಗಳು ಪವಿತ್ರಳನ್ನೇ ತಂದುಕೊಂಡರು. ಅತ್ತೆ ನನ್ನ ತಂಗಿ, ಸೊಸೆ ನನ್ನ ತಮ್ಮನ ಮಗಳು. ಆ ಮನೆಯಲ್ಲಿ ಜಗಳ ಎದ್ದರೆ ಎರಡು ಕಡೆಯಿಂದಲೂ ನನ್ನನ್ನೇ ಎಳೆಯುತ್ತಾರೆ.

ಆ ವರ್ಷ ತಿಮ್ಮಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಹಗಲೆಲ್ಲ ಜೊತೆಗೆ ಒಬ್ಬರು ಬೇಕು ಅಂತ ಚಿನ್ನಕ್ಕ ಫೋನು ಮಾಡಿದಳು. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಮಡಕಶಿರಾದಲ್ಲಿ ಬಸ್ಸು ಹತ್ತಿ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಶುರುವಾಯಿತು.

"ಬಂದೇನಣ್ಣ? ಬಾ. ನಿನ್ ತಮ್ಮನ ಮಗಳು ಕೆಲಸ ಬಿಟ್ಟು ಕುಂತಾಳೆ, ಕಣ್ತುಂಬ ನೋಡ್ಕೊ."

"ಕುಂತಿಲ್ಲ ದೊಡ್ಡಪ್ಪ, ನಿಂತೇ ಇದೀನಿ," ಅಂತ ಒಳಗಿಂದ ಪವಿತ್ರ ಕೂಗಿದಳು. ಕೂಗಿನ ಹಿಂದೆಯೇ ಕೆಮ್ಮು ಬಂತು.

ಆ ಕೆಮ್ಮಿನದೇ ಎಲ್ಲ. ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ಟುಗಳು ಬೇಕಾದಷ್ಟು. ಒಂದರಲ್ಲಿ ಪವಿತ್ರ ಹೊಸ ಪ್ಯಾಂಟನ್ನು ಉಪ್ಪುಕಾಗದದಿಂದ ಉಜ್ಜಿ ಹಳೆಯದು ಮಾಡುತ್ತಿದ್ದಳು. ನಗಬೇಡಿ, ಅದಕ್ಕೂ ಸಂಬಳ ಇದೆ. ತೊಡೆಯ ಹತ್ತಿರ ಬೆಳ್ಳಗೆ ಸವೆದಿದ್ದರೆ ನಿಮ್ಮಂಥವರು ಹೆಚ್ಚು ಕೊಟ್ಟು ಕೊಳ್ಳುತ್ತೀರಲ್ಲ, ಅದು ಅವಳ ಕೈ. ಉಜ್ಜಿದಾಗ ನೀಲಿ ಧೂಳು ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಉಗುಳಿದರೆ ನೀಲಿ. ಡಾಕ್ಟರು ಆ ಧೂಳಿನ ಕಡೆ ತಲೆ ಹಾಕಬೇಡ ಅಂದರು, ಬಿಟ್ಟಳು. ಆದರೆ ಗಿರೀಶನ ಗಾಡಿಗೆ ಒಂದು ವಾರ ಬಾಡಿಗೆ ಸಿಕ್ಕರೆ ಇನ್ನೊಂದು ವಾರ ಇಲ್ಲ. ಯೂನಿಟ್ಟಿನ ಸೂಪರ್‌ವೈಸರ್ ಜಗದೀಶ್, ದೀಪಾವಳಿ ಆದ ಸೋಮವಾರದ ತನಕ ಅವಳ ಜಾಗ ಖಾಲಿ ಇಟ್ಟಿರುತ್ತೇನೆ ಅಂದಿದ್ದ.

ಅಷ್ಟರೊಳಗೆ ಅವಳು ಬೇರೆ ದಾರಿ ಹುಡುಕಿದ್ದಳು. ಓಣಿಯ ಮಕ್ಕಳ ಹುಟ್ಟುಹಬ್ಬಕ್ಕೆ ಕಾಗದದ ಹೂವು, ತೋರಣ ಮಾಡಿಕೊಡುತ್ತಿದ್ದಳು. ಅದರ ಫೋಟೋ ಯಾರ ಫೋನಿನಿಂದ ಯಾರ ಫೋನಿಗೆ ಹೋಯಿತೋ, ಬಳ್ಳಾರಿಯಲ್ಲಿ ಪಾರ್ಟಿಗಳಿಗೆ ಅಲಂಕಾರ ಮಾಡಿಸುವ ಬಸವರಾಜೇಶ್ವರಿ ಅನ್ನುವ ಹೆಣ್ಣುಮಗಳಿಗೆ ಸಿಕ್ಕಿತು. ಅವಳು ಹೇಳಿದ ಕೆಲಸ ಮಾತ್ರ ಹೂವಿನದಲ್ಲ, ದೆವ್ವದ್ದು. ಹ್ಯಾಲೋವೀನ್.

"ಅದೇನಮ್ಮ ಅದು?" ಅಂದೆ.

"ಅಮೆರಿಕದೋರ ಹಬ್ಬ ದೊಡ್ಡಪ್ಪ. ಮಕ್ಳು ದೆವ್ವದ ಏಸ ಹಾಕ್ಕೊಂಡು ಮನೆಮನೆಗೋಗಿ ಚಾಕ್ಲೇಟ್ ಕೇಳ್ತಾರೆ."

"ಚಾಕ್ಲೇಟಿಗೆ ದೆವ್ವ ಯಾಕಾಗ್ಬೇಕು? ಬಾಯಿಬಿಟ್ಟು ಕೇಳಿದ್ರೆ ಕೊಡಲ್ವೇ ಅವ್ರಪ್ಪ?"

ಆಗಲೇ ಬಸವರಾಜೇಶ್ವರಿಯ ಫೋನು ಬಂತು. ಪವಿತ್ರ ಸ್ಪೀಕರಿಗೆ ಹಾಕಿದಳು. "ನೋಡವ್ವ, ಡಾಕ್ಟರು, ಕಂಟ್ರಾಕ್ಟರು ಮನಿ ಮಕ್ಕಳ ಪಾರ್ಟಿ. ಹೆದರಿಕಿ ಬರಬೇಕು, ಆದ್ರ ಅಗ್ಗದ್ದು ಕಾಣಬಾರದು. ಬಿಳಿ, ಬಂಗಾರ, ಫುಲ್ ರಿಚ್. ನಡುವ ಒಂದು ದೊಡ್ಡ ಕುಂಬಳಕಾಯಿ, ರಾಣಿ ಹಂಗ ಕುಂತಿರಬೇಕು. ನನ್ನ ಕೈಯಾಗ ಜಾಸ್ತಿ ಇಲ್ಲ, ಅಗ್ಗದ ಸಾಮಾನಿನಾಗ ಎಬ್ಬಿಸು. ಇದು ನಿಂತಂದ್ರ ವರ್ಷಪೂರ್ತಿ ಕೆಲಸ ನಿಂದು. ಕೆಟ್ಟಿತಂದ್ರ ನಿನ್ನ ನಂಬರ್ ತೆಗದ ಬಿಡ್ತೀನಿ."

ದೆವ್ವಕ್ಕೂ ಶ್ರೀಮಂತಿಕೆ ಬೇಕಂತೆ. ಇರಲಿ. ಅವತ್ತು ಊಟಕ್ಕೆ ಕೂತಾಗ ಚಿನ್ನಕ್ಕ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

"ದೀಪಾವಳಿ ತನಕ ಆಡ್ಕೊ. ಬಳ್ಳಾರಿಯಾಕಿ ಮತ್ತ ಕೆಲಸ ಕೊಟ್ಲಂದ್ರ ಸರಿ. ಇಲ್ಲಂದ್ರ ಸೋಮವಾರ ಬುತ್ತಿ ಕಟ್ಕೊಂಡು ಯೂನಿಟ್ಟಿಗೆ ನಡೀಬೇಕು. ಕೆಮ್ಮು ಅಂದ್ರ ನಾ ಕೇಳಂಗಿಲ್ಲ."

ಪವಿತ್ರ ಗಂಡನ ಮುಖ ನೋಡಿದಳು. ಗಿರೀಶ ಬೇಳೆಯಲ್ಲಿ ರೊಟ್ಟಿ ಅದ್ದುತ್ತಾ, "ಯವ್ವ ಹೇಳಿದ್ದು ನ್ಯಾಯ ಐತಿ," ಅಂದ.

"ಆಯ್ತು ಅತ್ತೆ," ಅಂದಳು ಪವಿತ್ರ. ಅವಳು ಅಷ್ಟು ಬೇಗ ಒಪ್ಪಿದ್ದು ಕಂಡು ನನಗೇ ಭಯವಾಯಿತು.

ಮಾರನೆಯ ದಿನದಿಂದ ಮನೆ ಮನೆಯಾಗಿರಲಿಲ್ಲ. ಪಡಸಾಲೆ ತುಂಬ ಬಲೂನು. ಬಲೂನಿನ ಮೇಲೆ ಹಳೆಯ ತೆಲುಗು ಪೇಪರು, ಮೈದಾ ಅಂಟು, ಮತ್ತೆ ಪೇಪರು, ಮತ್ತೆ ಅಂಟು. ಒಣಗಿದ ಮೇಲೆ ಬಲೂನು ಒಡೆದು ತೆಗೆದರೆ ಕಾಗದದ ಕುಂಬಳಕಾಯಿ. ಅದಕ್ಕೆ ಸುಣ್ಣದಂಥ ಬಿಳಿ ಬಣ್ಣ. ಯೂನಿಟ್ಟಿನಲ್ಲಿ ಬಿಸಾಡುವ ಹಿತ್ತಾಳೆ ಗುಂಡಿಗಳನ್ನು ಹಳೆಯ ಗೆಳತಿಯರಿಂದ ತರಿಸಿ ಕಣ್ಣಿನ ಸುತ್ತ ಅಂಟಿಸಿದಳು. ಹಳೆ ಮದುವೆ ಕಾರ್ಡುಗಳ ಬಂಗಾರದ ಅಂಚು ಕತ್ತರಿಸಿ ಕಿರೀಟ. ಸವೆದ ಸೀರೆಯ ಜರಿ, ಕನ್ನಡಿ ಬಿಲ್ಲೆ, ಬಳೆ ಚೂರು, ಚಮಕಿ. ಕಡ್ಡಿ ಪೊರಕೆ ಬಿಚ್ಚಿ ಜೇಡರ ಹುಳುವಿಗೆ ಕಾಲು ಮಾಡಿದಳು. ಗಾಯಕ್ಕೆ ಕಟ್ಟುವ ತೆಳು ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಬಾಟಲಿ ಮೇಲೆ ಒಣಗಿಸಿದರೆ, ಬಾಟಲಿ ತೆಗೆದ ಮೇಲೂ ಬಟ್ಟೆ ನಿಂತೇ ಇರುತ್ತದೆ, ತಲೆಯಿಲ್ಲದ ಹೆಂಗಸಿನಂತೆ. ಬೆಳಿಗ್ಗೆ ಎದ್ದು ಅದನ್ನು ಕಂಡು ನಾನು ಯಾರಮ್ಮ ಅಂತ ಕೇಳಿದ್ದೂ ಉಂಟು.

ಚಮಕಿ ಮಾತ್ರ ಹೇಳಿದ ಮಾತು ಕೇಳುವ ವಸ್ತುವಲ್ಲ. ಹಾಸಿಗೆಯಲ್ಲಿ, ತಲೆಗೂದಲಲ್ಲಿ, ಕೊನೆಗೆ ಸಾರಿನಲ್ಲಿ.

"ಸಾರಿನಾಗ ಮಿನುಗಾಕ ಹತ್ತೈತಿ, ಏನಿದು?" ಅಂತ ತಿಮ್ಮಪ್ಪ ಕಪ್ಪು ಕನ್ನಡಕದೊಳಗಿಂದ ಬಟ್ಟಲಿಗೆ ಬಗ್ಗಿದ.

"ಬಗ್ಗಬ್ಯಾಡ್ರಿ! ಡಾಕ್ಟರು ಏನ್ ಹೇಳ್ಯಾರ?" ಅಂತ ಚಿನ್ನಕ್ಕ.

"ಬಗ್ಗಬ್ಯಾಡ, ಎತ್ತಬ್ಯಾಡ, ಹೊರಗ ಹೋಗಬ್ಯಾಡ, ತಲಿಗೆ ನೀರ್ ಹಾಕ್ಕೋಬ್ಯಾಡ. ಉಣ್ಣಾಕರ ಬಿಡ್ರಿ ಮತ್ತ, ನೋಡ್ಕೊಂಡು ಉಣ್ತೀನಿ!"

ಆ ಮನುಷ್ಯನ ಸಂಕಟ ಅದು. ಕೂತರೆ ಏಳುತ್ತಿದ್ದ, ಎದ್ದರೆ ಕೂರು ಅನ್ನುತ್ತಿದ್ದರು. ಕೊಡ ಮುಟ್ಟಿದರೆ ಸೊಸೆ ಕಿತ್ತುಕೊಳ್ಳುತ್ತಿದ್ದಳು, ಪೊರಕೆ ಮುಟ್ಟಿದರೆ ಹೆಂಡತಿ. ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ಸುತ್ತುತ್ತಿದ್ದ. ಹಾಗೆ ಸುತ್ತುವಾಗಲೇ ಒಂದು ದಿನ ತನ್ನ ಕೊಡೆ ಹುಡುಕಿದ.

"ನನ್ನ ಛತ್ರಿ ಎಲ್ಲಿ?"

ಪವಿತ್ರ ಮೇಲೆ ಕೈ ತೋರಿಸಿದಳು. ತೊಲೆಯಿಂದ ಕಪ್ಪು ಬಾವಲಿಗಳು ಸಾಲಾಗಿ ನೇತಾಡುತ್ತಿದ್ದವು. ರೆಕ್ಕೆ ಕೊಡೆಯ ಬಟ್ಟೆಯದು, ಎಲುಬು ಕೊಡೆಯ ಕಡ್ಡಿಯದು.

"ಅರಿದಿತ್ತಲ್ಲ ಮಾವ."

"ಹರಿದಿದ್ರೇನಾತು? ಡ್ಯಾಮಿನ ಮ್ಯಾಲ ಮಳಿಯಾಗ ನಿಂತಾಗ ಅದಾ ನನ್ನ ತಲಿ ಕಾಯ್ದಿದ್ದು! ಓಬಣ್ಣ, ನೋಡು ನಿಮ್ಮ ಹುಡುಗಿ ಕೆಲಸ!"

"ಭಾವ, ತೂತಲ್ಲಿ ಆಕಾಶ ಕಾಣ್ತಿತ್ತು ಆ ಛತ್ರೀಲಿ," ಅಂದೆ ನಾನು. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ಎಲೆಯಡಿಕೆಗೆ ಕೈಚಾಚಿದ, ಸರಿಯಾಯಿತು.

ಚಿನ್ನಕ್ಕನ ಸಿಟ್ಟು ಬೇರೆ ಥರದ್ದು. ಕೊಡೆ ಹೋದರೆ ಅವಳಿಗೇನೂ ಇರಲಿಲ್ಲ. ಮುಖಗಳಿಗೆ ಕಣ್ಣು, ಬಾಯಿ ಬಂದ ದಿನ ಅವಳು ಒಲೆ ಬಿಟ್ಟು ಎದ್ದು ಬಂದಳು.

"ಅಮಾಸಿ ದಿನ ಹಿರೇರಿಗೆ ಎಡಿ ಇಡೋ ಮನ್ಯಾಗ ಈ ದೆವ್ವದ ಮಾರಿ ಯಾಕ? ನಮ್ಮ ಅತ್ತಿ ಮಾವ ಬಂದು ಉಣ್ಣೋ ಜಾಗದಾಗ ಇವು ಹಲ್ಲು ಕಿಸದು ಕುಂತಿರ್ಬೇಕೇನು?"

"ಅತ್ತೆ, ಎದುರು ಮನೆ ಮೇಲೆ ನಾಲ್ಗೆ ಚಾಚ್ಕೊಂಡು ನೇತಾಡ್ತಾ ಐತಲ್ಲ ದಿಷ್ಟಿ ಬೊಂಬೆ, ಅದೇನು ಮದುವೆ ಹೆಣ್ಣೇ?"

"ಅದು ಬ್ಯಾರೆ. ಅದು ಪೀಡಿ ಓಡಿಸ್ತೈತಿ, ನಿಂದು ಕರೀತೈತಿ."

"ಕರೀಲಿ ಬುಡಿ. ಬಂದ್ರೆ ಅಂಟು ಕಲಸಕ್ಕೆ ಒಂದು ಕೈ ಸಿಕ್ತದೆ."

"ಕೇಳಿದೇನಣ್ಣ? ಕೇಳಿದೆ? ಇದು ನಮ್ಮನೆ ಹೆಣ್ಣೇ?" ನನ್ನ ಕಡೆ ತಿರುಗಿದರೆ ಸಾಕು, ಚಿನ್ನಕ್ಕನಿಗೆ ಅಗಳಿಯ ಮಾತು ವಾಪಸು ಬಂದುಬಿಡುತ್ತದೆ.

ನಮ್ಮ ಮನೆ ಹೆಣ್ಣೇ. ಬಾಯಿ ನೋಡಿದರೆ ಗೊತ್ತಾಗುವುದಿಲ್ಲವೇ?

ಇದು ಸಾಲದು ಅಂತ ತಿಮ್ಮಪ್ಪನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋದೆವು. ನರ್ಸಮ್ಮ ರೆಪ್ಪೆ ಬಿಡಿಸಿ ದೀಪ ಹಿಡಿದವಳೇ ಕೂಗಿದಳು. "ಯಾರ್ರಿ ಈ ತಾತಗ ಚಮಕಿ ಹಚ್ಚಿದ್ದು? ಮದುಮಗನ್ನ ಮಾಡಿ ಕರ್ಕೊಂಡ್ ಬಂದೀರಿ! ಕಣ್ಣಿನೊಳಗ ಹೋಗಿದ್ರ ಯಾರ್ ಜವಾಬು?" ಸುತ್ತಲಿದ್ದವರು ನಕ್ಕರು. ಗಿರೀಶ ನಗಲಿಲ್ಲ. ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಾ ಬಂದ. ಮನೆಗೆ ಬಂದವನೇ ಚಮಕಿಯ ಡಬ್ಬಿ ಎತ್ತಿ ಹಿತ್ತಿಲಿಗೆ ಎಸೆದ.

"ನಮ್ಮಪ್ಪನ ಕಣ್ಣು ಹೋಗ್ತಿತ್ತು, ಗೊತ್ತೈತೇನು? ಸಾಕು ಮಾಡು. ನಾಳಿನಾ ಯೂನಿಟ್ಟಿಗೆ ಹೋಗು."

"ಅಬ್ಬದ ತನಕ ಅಂತ ಮಾತಾಗೈತೆ."

"ಮಾತು ಮುರದೆ ಈಗ!"

"ನೀವು ಮುರೀರಿ. ನಾನು ಮುರಿಯಲ್ಲ." ಹಿತ್ತಿಲಿಗೆ ಹೋಗಿ ಮಣ್ಣಿನ ಸಮೇತ ಚಮಕಿ ಬಳಿದುಕೊಂಡು ಬಂದಳು. ಮೊರದಲ್ಲಿ ಹಾಕಿ ಕೇರಲು ಕೂತಳು, ರಾಗಿ ಕೇರುವ ಹಾಗೆ. ಅವತ್ತಿನಿಂದ ಮಾವನ ಮಂಚದ ಸುತ್ತ ಸೀರೆಯೊಂದನ್ನು ಪರದೆಯಂತೆ ಕಟ್ಟಿದಳು. ಚಮಕಿ ಕೆಲಸವೆಲ್ಲ ಹಿತ್ತಿಲ ತಗಡಿನ ಕೆಳಗೆ. ಬಿಸಿಲಿಗೆ ಅಲ್ಲಿ ಕೂರಲಾಗುತ್ತಿರಲಿಲ್ಲ, ಆದರೂ ಕೂತಳು. ಗಂಡ ಹೆಂಡತಿ ಮಾತು ನಿಂತಿತು. "ನಿಮ್ಮ ಅಳಿಯನಿಗೆ ಹೇಳಿ, ಊಟಕ್ಕೆ ಬರಲಿ" ಅಂತ ಅವಳು ನನ್ನ ಮುಖ ನೋಡಿ ಹೇಳುವುದು, "ಆಕಿಗೆ ಹೇಳು ಮಾವ, ಹಸಿವಿಲ್ಲ" ಅಂತ ಅವನು. ಇಬ್ಬರೂ ಒಂದೇ ಕಂಬದ ಆ ಕಡೆ ಈ ಕಡೆ.

ಹಬ್ಬ ಹತ್ತಿರ ಬಂದಾಗ ರಾಣಿ ತಯಾರಾದಳು. ಎಲ್ಲಕ್ಕಿಂತ ದೊಡ್ಡ ಕುಂಬಳ. ಗಾಳಿಗೆ ಬೀಳಬಾರದು ಅಂತ ಒಳಗೆ ಮರಳಿನ ಚೀಲ, ಮೇಲೆ ಬಲ್ಬು ಇಳಿಸಲು ದುಂಡನೆ ತೂತು, ತೂತಿನೊಳಗೆ ಬೆಳಕು ಕೆಂಪಗೆ ಬರಲಿ ಅಂತ ಕೆಂಪು ಬಣ್ಣದ ಕಾಗದ. ಕಿರೀಟ ಬೇರೆ ಇತ್ತು, ಆಮೇಲೆ ಇಡುವುದು. ಬೆಳಿಗ್ಗೆ ನೋಡಿದರೆ ಒಂದು ಕಡೆ ಇಲಿ ಕೆರೆದಿತ್ತು. ಮೈದಾ ಅಂಟಲ್ಲವೇ, ಇಲಿಗೆ ಅದು ರೊಟ್ಟಿ. ಪವಿತ್ರ ಅದನ್ನು ತೇಪೆ ಹಾಕಿದಳು. ಆಮೇಲೆ ಅಡುಗೆಮನೆ ಬಾಗಿಲ ಪಕ್ಕದ ನೆಲುವು ನೋಡಿದಳು. ನೆಲುವು ಅಂದರೆ ಗೊತ್ತಲ್ಲ, ತೊಲೆಯಿಂದ ಇಳಿಬಿಟ್ಟ ಹಗ್ಗದ ತೂಗು. ಅದರಲ್ಲಿ ಗಿರೀಶ ತಂದಿಟ್ಟ ಬೂದಗುಂಬಳ ಇತ್ತು. ಅದನ್ನು ತೆಗೆದು ಮಂಚದ ಕೆಳಗೆ ಉರುಳಿಸಿ, ರಾಣಿಯನ್ನು ನೆಲುವಿಗೆ ಏರಿಸಿದಳು. ಮುಖ ಗೋಡೆಯ ಕಡೆಗೆ, ಅತ್ತೆಯ ಕಣ್ಣಿಗೆ ಬೀಳದಿರಲಿ ಅಂತ.

ಆ ಮನೆಯ ಪದ್ಧತಿ ಏನು ಅಂದರೆ, ಅಮಾವಾಸ್ಯೆಗೆ ಬೂದಗುಂಬಳದಿಂದ ಗಾಡಿಗೆ ದಿಷ್ಟಿ ತೆಗೆಯದೆ ಚಕ್ರ ಉರುಳುವಂತಿಲ್ಲ. ಗಿರೀಶ ಕಾಯಿಯ ನೆತ್ತಿಗೆ ತೂತು ಕೊರೆದು ಕುಂಕುಮ ತುಂಬಿ ನೆಲುವಿನಲ್ಲಿ ಇಟ್ಟಿರುತ್ತಾನೆ. ತಿಮ್ಮಪ್ಪ ಅದರ ಮೇಲೆ ಕರ್ಪೂರ ಹಚ್ಚಿ ಗಾಡಿಗೆ ನಿವಾಳಿಸಿ ರಸ್ತೆಯಲ್ಲಿ ಒಡೆಯುತ್ತಾನೆ. ಆ ವರ್ಷ ಅಮೆರಿಕದವರ ದೆವ್ವದ ಹಬ್ಬ, ನಮ್ಮ ದೀಪಾವಳಿ ಅಮಾವಾಸ್ಯೆ ಎರಡೂ ಒಂದೇ ದಿನ ಬಿದ್ದಿದ್ದವು. ನವೀನ, ಇದನ್ನೇ ನಾನು ಕಲಸಿ ಹೇಳುತ್ತೇನೆ ಅಂತ ನೀನು ಬರೆದದ್ದು.

ಹಬ್ಬದ ಊಟ ಆಯಿತು. ಸಂಜೆಯೊಳಗೆ ಬಳ್ಳಾರಿಯಲ್ಲಿರಬೇಕು. ಬಾವಲಿ, ಜೇಡ, ತಲೆಯಿಲ್ಲದ ಹೆಂಗಸರು ಎಲ್ಲ ರಟ್ಟಿನ ಡಬ್ಬಿ ಸೇರಿದರು. ಗಾಡಿ ಬಾಗಿಲ ಮುಂದೆ ನಿಂತಿತ್ತು. ಗಿರೀಶ ಗಾಡಿಗೆ ಹೂವಿನ ಹಾರ, ನಿಂಬೆಹಣ್ಣು ತರಲು ಬಜಾರಿಗೆ ನಡೆದುಕೊಂಡು ಹೋದ, ಫೋನು ಗಾಡಿಯಲ್ಲೇ ಬಿಟ್ಟು. ದಿಷ್ಟಿಯನ್ನೂ ಬಂದು ತಾನೇ ತೆಗೆಯುತ್ತೇನೆ ಅಂತ ಅಪ್ಪನಿಗೆ ಹೇಳಿದ್ದ. ಪವಿತ್ರ ಹಿತ್ತಿಲಲ್ಲಿ ಕಿರೀಟಕ್ಕೆ ಕೊನೆಯ ಕನ್ನಡಿ ಅಂಟಿಸುತ್ತಿದ್ದಳು. ನಾನು ಪಡಸಾಲೆಯಲ್ಲಿ ಡಬ್ಬಿಗೆ ಹಗ್ಗ ಬಿಗಿಯುತ್ತಿದ್ದೆ.

"ಹೊತ್ತಾತು. ಒಂದು ಕುಂಬಳಕಾಯಿ ಒಡಿಯಾಕೂ ಬಾರದಂಗ ಆದ್ನೇನು ನಾನು?" ಅಂತ ಒಳಗೆಲ್ಲೋ ತಿಮ್ಮಪ್ಪನ ಗೊಣಗಾಟ ಕೇಳಿತು. ದಿನವೂ ಕೇಳುವ ಗೊಣಗಾಟ, ಯಾರು ಕಿವಿ ಕೊಡುತ್ತಾರೆ?

ಆಮೇಲೆ ಕೇಳಿದ್ದು ಬೀದಿಯಿಂದ ಅವನ ಕೂಗು.

"ಏ ಚಿನ್ನಿ! ಬಂದು ನೋಡ, ಎಷ್ಟು ದಿಷ್ಟಿ ಐತಿ ಗಾಡಿಗೆ! ಕುಂಬಳಕಾಯಿನಾ ಉರಿಯಾಕ ಹತ್ತೈತಿ!"

ಓಡಿ ಹೋಗಿ ನೋಡಿದೆ. ಕಪ್ಪು ಕನ್ನಡಕ ಹಾಕಿಕೊಂಡು, ಎರಡೂ ಕೈಯಲ್ಲಿ ರಾಣಿಯನ್ನು ಎತ್ತಿ ಹಿಡಿದು, ಗಾಡಿಯ ಮುಂದೆ ನಿವಾಳಿಸುತ್ತಿದ್ದಾನೆ ಪುಣ್ಯಾತ್ಮ. ನೆತ್ತಿಯಲ್ಲಿ ಕರ್ಪೂರ ಹೋಗಿ ಪೇಪರಿಗೆ ಹತ್ತಿ ಬುಗುಬುಗು ಉರಿ. ಬೆಳ್ಳಗಿದೆ, ಭಾರ ಇದೆ, ನೆಲುವಿನಲ್ಲಿದೆ, ತೂತಿನೊಳಗೆ ಕೆಂಪಗಿದೆ. ಕುಂಕುಮ ತುಂಬಿದ ಕಾಯಿ ಅಲ್ಲದೆ ಇನ್ನೇನು ಅಂದುಕೊಳ್ಳಬೇಕು ಅವನು?

"ಭಾವ, ಬುಡು! ಕೆಳಕ್ಕಾಕು!" ಅಂತ ಕೂಗಿದೆ.

ಕೈ ಸುಡುವ ಹೊತ್ತಿಗೆ ಅವನೇ ಎತ್ತಿ ಒಗೆದ. ಒಡೆಯಲಿಲ್ಲ ಅದು. ಒಮ್ಮೆ ಪುಟಿದು, ಉರಿಯುತ್ತಾ, ಮರಳು ಚೆಲ್ಲುತ್ತಾ ಓಣಿಯ ಇಳಿಜಾರಿನಲ್ಲಿ ಉರುಳಿತು. ಉರುಳುತ್ತಾ ಒಂದು ಸಲ ಮುಖ ನಮ್ಮ ಕಡೆ ತಿರುಗಿಸಿತು. ಗುಂಡಿಯ ಕಣ್ಣು, ಬಂಗಾರದ ಹುಬ್ಬು. ಎದುರು ಮನೆಯ ತೆಲುಗು ಹೆಂಗಸು "ಅಯ್ಯಯ್ಯೋ ದೇವುಡಾ" ಅಂತ ಬಾಗಿಲು ಹಾಕಿಕೊಂಡಳು. ಚಿನ್ನಕ್ಕ ಬಿಂದಿಗೆ ತಂದು ನೀರು ಸುರಿಯುವಷ್ಟರಲ್ಲಿ ಉಳಿದದ್ದು ಬೂದಿ, ಕಪ್ಪಾದ ಗುಂಡಿ, ಸಿಡಿದ ಕನ್ನಡಿ.

ಪವಿತ್ರ ಕಿರೀಟ ಹಿಡಿದುಕೊಂಡೇ ಬಂದಳು. ನೋಡಿದಳು. ಕೂತು ಬೂದಿಯಲ್ಲಿ ಗುಂಡಿಗಳನ್ನು ಹೆಕ್ಕತೊಡಗಿದಳು. ಕೆಮ್ಮು ಬಂತು, ಕೆಮ್ಮುತ್ತಲೇ ಹೆಕ್ಕಿದಳು. ತಿಮ್ಮಪ್ಪನಿಗೆ ಆಗಲೂ ತಿಳಿಯಲಿಲ್ಲ.

"ಯಾಕ? ಏನಾತು? ದಿಷ್ಟಿ ಹೋತಲ್ಲ?"

"ದಿಷ್ಟಿ ಅಲ್ರಿ ಹೋಗಿದ್ದು," ಅಂದಳು ಚಿನ್ನಕ್ಕ, "ಆಕಿ ಕೆಲಸ ಹೋತು. ನೀವು ಸುಟ್ಟಿದ್ದು ಆಕಿ ದೆವ್ವಾನ."

ಅವನು ಬೂದಿಯ ಕಡೆ ಬಗ್ಗಿ ನೋಡಿದ. ಬಗ್ಗಬೇಡಿ ಅನ್ನಲು ಅವತ್ತು ಚಿನ್ನಕ್ಕನಿಗೂ ನೆನಪಾಗಲಿಲ್ಲ.

ಪವಿತ್ರ ಎದ್ದಳು. ನೆಟ್ಟಗೆ ಒಳಗೆ ಹೋದಳು. ಮಂಚದ ಕೆಳಗಿಂದ ನಿಜವಾದ ಬೂದಗುಂಬಳ ಎಳೆದು ಪಡಸಾಲೆಗೆ ತಂದಳು. ಗಿರೀಶ ಅದಕ್ಕಿನ್ನೂ ಕತ್ತಿ ಮುಟ್ಟಿಸಿರಲಿಲ್ಲ. ಮಚ್ಚು ತೆಗೆದುಕೊಂಡಳು. ಚಿನ್ನಕ್ಕ ಹಾರಿ ಅವಳ ಮುಂಗೈ ಹಿಡಿದಳು.

"ಏನ್ ಮಾಡಾಕ ಹೊಂಟೀ? ಹೆಣ್ಮಕ್ಕಳು ಇಡೀ ಕುಂಬಳಕಾಯಿ ಕಡಿಯಾಕ ಬರಂಗಿಲ್ಲ! ನನ್ನ ಮಗ ರಸ್ತಿ ಮ್ಯಾಲ ಗಾಡಿ ಓಡಿಸ್ತಾನ!"

"ಕೈ ಬುಡಿ ಅತ್ತೆ."

"ಬಿಡಂಗಿಲ್ಲ. ಮೊದಲನೇ ಪೆಟ್ಟು ಗಂಡಸಿಂದ ಬೀಳಬೇಕು. ಗಿರಿ ಬರಲಿ."

"ಅವ್ರು ಯಾವಾಗ ಬತ್ತಾರೆ? ಬಜಾರ್ ತುಂಬ ಜನ. ಸಂಜೆ ಆದ್ಮೇಲೆ ಯಾರಿಗ್ ಬೇಕು ಇದು? ಸೋಮವಾರ ನಾನು ಆ ಧೂಳಿಗೆ ಓಗ್ಬೇಕಾ? ಓಗಿ ನೀಲಿ ಉಗುಳ್ಬೇಕಾ? ಅದರಿಂದ ನಿಮ್ ಮಗನ ಮನೆಗೆ ಒಳ್ಳೇದಾಗ್ತದಾ? ಹೇಳಿ ಅತ್ತೆ, ಆಗ್ತದೆ ಅಂತ ಹೇಳಿ, ಮಚ್ಚು ಕೆಳಗಿಡ್ತೀನಿ."

ಚಿನ್ನಕ್ಕ ಮಚ್ಚು ನೋಡಿದಳು, ಸೊಸೆಯ ಮುಖ ನೋಡಿದಳು. ಕೈ ಮಾತ್ರ ಬಿಡಲಿಲ್ಲ.

"ನಾನ್ ಒಡೀತೀನಿ ಕಣಮ್ಮಿ, ನಾನೂ ಗಂಡಸೇ," ಅಂದೆ.

"ನೀನ್ ಸುಮ್ನಿರಣ್ಣ. ನೀನು ತವರಿನೋನು. ಈ ಮನೆ ಗಂಡಸಾಗ್ಬೇಕು." ಅಂದವಳು ಬಾಗಿಲ ಕಡೆ ತಿರುಗಿದಳು. ಅಲ್ಲಿ ತಿಮ್ಮಪ್ಪ ಸುಟ್ಟ ಬೆರಳು ಊದಿಕೊಳ್ಳುತ್ತಾ ನಿಂತಿದ್ದ. "ಏನ್ ನಿಂತೀರಿ? ಬರ್ರಿ ಒಳಗ. ಕುಂದರ್ರಿ. ಹಿಡೀರಿ ಮಚ್ಚು."

"ಕಣ್ಣು..." ಅಂದ ಅವನು.

"ಸುಡಾಕ ಕಣ್ಣಿತ್ತು, ಕಡಿಯಾಕ ಇಲ್ಲೇನು?"

"ದಿಷ್ಟಿಗೆ ಏನ್ ಮಾಡೂದು? ಇರೋದು ಇದೊಂದಾ ಕಾಯಿ."

"ನಿಂಬಿಹಣ್ಣು ಬರಾಕ ಹತ್ತೈತಿ. ಸಾಕು."

ಅವನು ಕೂತ. ಮಚ್ಚು ಹಿಡಿದ. ಚಿನ್ನಕ್ಕ ಎದುರು ಕೂತು ಕಾಯಿ ಹಿಡಿದು, ಕಾಲುವೆ ಮೇಲೆ ಅವನು ಕೂಗುತ್ತಿದ್ದ ಹಾಗೆ ಅವಳು ಕೂಗಿದಳು. "ಎಡಕ್ಕ. ಇನ್ನಾ ಎಡಕ್ಕ. ನನ್ನ ಬೆರಳದಾವ, ಅಲ್ಲಲ್ಲ! ಮ್ಯಾಲ. ಹಾಂ, ಹಾಕ್ರಿ!"

ಬಿತ್ತು ಪೆಟ್ಟು. ನೆತ್ತಿಗೆ ಬೀಳಬೇಕಾದದ್ದು ಓರೆಯಾಗಿ ಹೊಟ್ಟೆಯ ಮೇಲೆ ಬಿತ್ತು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ, ಉದ್ದನೆ ಸೀಳು. ಮೂವರೂ ಪವಿತ್ರಳ ಮುಖ ನೋಡಿದೆವು. ಅವಳು ಕಾಯಿಯನ್ನು ತನ್ನ ಕಡೆ ತಿರುಗಿಸಿಕೊಂಡು ತಲೆ ಓರೆ ಮಾಡಿ ನೋಡಿದಳು.

"ಬಾಯಿ," ಅಂದಳು. "ಇದೇ ಬಾಯಿ. ಯಾರೂ ಮುಟ್ಟಬೇಡಿ ಇನ್ನ."

ಮೊದಲ ಪೆಟ್ಟು ಬಿದ್ದ ಮೇಲೆ ಯಾರ ಅಡ್ಡಿಯೂ ಇಲ್ಲವಲ್ಲ. ಚಮಚದಲ್ಲಿ ತಿರುಳು ತೋಡಿ ತೆಗೆದಳು, ಕಣ್ಣು ಕೊರೆದಳು, ಕಪ್ಪಾದ ಗುಂಡಿಗಳನ್ನೇ ಸುತ್ತಲೂ ಚುಚ್ಚಿದಳು. ಜರಿ ಬಿಗಿದಳು. ಚಿನ್ನಕ್ಕ ನೋಡುತ್ತಾ ನಿಂತಿದ್ದಳು, ನಿಲ್ಲಲಾಗದೆ ಅಡುಗೆಮನೆಗೆ ಹೋದಳು, ಹೋಳಿಗೆಗೆ ತುರಿದು ಉಳಿದಿದ್ದ ಕೊಬ್ಬರಿ ಹೋಳು ತಂದಳು.

"ಹಲ್ಲು ಹಚ್ಚು. ಹಲ್ಲಿಲ್ಲದ ದೆವ್ವ ನಿಮ್ಮ ದೊಡ್ಡಪ್ಪನಂಗ ಕಾಣ್ತೈತಿ."

ಕೊಬ್ಬರಿಯನ್ನು ತಾನೇ ಸೀಳಿ ಮೊನೆ ಮಾಡಿ ಒಂದೊಂದಾಗಿ ಕೊಟ್ಟಳು. ಹಲ್ಲಿಲ್ಲದ ನನ್ನ ಬಾಯಿ ಆ ದಿನಕ್ಕೆ ಹಾಗೆ ಉಪಯೋಗಕ್ಕೆ ಬಂತು.

ಗಿರೀಶ ಹಾರ ಹಿಡಿದು ಬಂದಾಗ ಬೀದಿಯಲ್ಲಿ ಬೂದಿ, ಒಳಗೆ ಅವ್ವ ದೆವ್ವಕ್ಕೆ ಹಲ್ಲು ಕಟ್ಟುತ್ತಿದ್ದಾಳೆ, ಅಪ್ಪ ಮಚ್ಚು ಹಿಡಿದು ಕೂತಿದ್ದಾನೆ.

"ಏನ್ ನಡದೈತಿ ಇಲ್ಲಿ?"

"ಗಾಡಿ ತಗಿ," ಅಂದರು ಮೂವರೂ.

ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟೆವು. ಓಬಳಾಪುರದ ಗಣಿಗಳ ಹತ್ತಿರ ಕೆಂಪು ಧೂಳು ಏಳುತ್ತದೆ ಅಂತ ಪವಿತ್ರ ರಾಣಿಗೆ ತನ್ನ ಸೆರಗು ಹೊದಿಸಿ ಮಡಿಲಲ್ಲಿಟ್ಟುಕೊಂಡಿದ್ದಳು. ಕಾಯಿಯ ನೀರು ಸೋರಿ ಸೀರೆಯೆಲ್ಲ ಒದ್ದೆ. ಗಿರೀಶ ದಾರಿ ನೋಡುತ್ತಲೇ ಕೇಳಿದ, "ಭಾರ ಆತೇನು?" ಎಷ್ಟೋ ದಿನದ ಮೇಲೆ ಅವಳಿಗೇ ಹೇಳಿದ ಮಾತು. "ನೆಟ್ಟಗೆ ಓಡ್ಸಿ," ಅಂದಳು.

ಬಳ್ಳಾರಿಯಲ್ಲಿ ಬಸವರಾಜೇಶ್ವರಿ ಡಬ್ಬಿ ಡಬ್ಬಿ ಬಿಚ್ಚಿ ತಲೆಯಾಡಿಸಿದಳು. ರಾಣಿಯನ್ನು ನೋಡಿ ನಿಂತಳು.

"ಇದೇನವ್ವ? ಫೋಟೋದಾಗ ಬ್ಯಾರೆ ಇತ್ತಲ್ಲ? ಇದು ಹಸಿ ಐತಿ! ನೀರು ಸೋರತೈತಿ! ಬಾಯಿ ಸೊಟ್ಟ ಐತಿ!"

"ಬಲ್ಬ್ ಹಾಕಿ ನೋಡ್ರಿ ಅಕ್ಕ," ಅಂದಳು ಪವಿತ್ರ. ಒದ್ದೆ ಸೆರಗು ಹಿಂಡಿಕೊಂಡಳು.

ದೀಪ ಆರಿಸಿ ಒಳಗೆ ಬಲ್ಬು ಹಾಕಿದರು. ಕಾಗದ ಆಗಿದ್ದರೆ ಕಣ್ಣು ಬಾಯಿ ಮಾತ್ರ ಹೊಳೆಯುತ್ತಿತ್ತು. ಇದು ಹಸಿ ಕಾಯಿ, ಒಳಗೆಲ್ಲ ತೋಡಿ ತೆಳ್ಳಗಾಗಿತ್ತು. ಮೈಯೆಲ್ಲ ಮಂಕು ಹಸಿರಿನ ಬೆಳಕು ತುಂಬಿಕೊಂಡಿತು, ಒಳಗೆ ನೀರಿದ್ದ ಹಾಗೆ. ಸೊಟ್ಟ ಬಾಯಿ ನಗುತ್ತಿದೆಯೋ ಬೈಯುತ್ತಿದೆಯೋ ಗೊತ್ತಾಗಲಿಲ್ಲ. ಮೇಲೆ ಬಂಗಾರದ ಕಿರೀಟ. ದೆವ್ವದ ವೇಷದ ಮಕ್ಕಳು ಓಡಿ ಬಂದರು, ಒಬ್ಬಳು ಚಿಕ್ಕ ಹುಡುಗಿ ಮೆಲ್ಲಗೆ ಕೈ ಚಾಚಿ ಒಂದು ಹಲ್ಲು ಕಿತ್ತು ಬಾಯಿಗೆ ಹಾಕಿಕೊಂಡಳು.

"ಮಮ್ಮೀ, ಕೊಬ್ರಿ!"

ಬಸವರಾಜೇಶ್ವರಿ ಗಟ್ಟಿಯಾಗಿ ನಕ್ಕಳು. ಅಷ್ಟೂ ಜನ ಫೋಟೋ ತೆಗೆದದ್ದು ಆ ರಾಣಿಯನ್ನೇ. ನಾವು ಹೊರಡುವಾಗ ಹಿಂದೆ ಬಂದು, "ಶನಿವಾರ ಇನ್ನೊಂದು ಪಾರ್ಟಿ ಐತಿ. ಹಿಂಗಾ ಹಸಿ ಕಾಯಿನಾ ಬೇಕು, ಹಲ್ಲಿನ ಸಮೇತ. ಬಾಯಿ ಸೊಟ್ಟಾನ ಇರಲಿ, ನೆಟ್ಟಗ ಮಾಡಬ್ಯಾಡ. ಆಮ್ಯಾಲ ಹೊಸ ವರ್ಷದ ಕೆಲಸ ಮಾತಾಡೋಣು," ಅಂದಳು.

ಈಗ ನೋಡಿ ಆ ಮನೆಯ ಫಜೀತಿ. ಕುಂಬಳಕಾಯಿ ಬೇಕಾದಷ್ಟು ಬಂದವು. ಪ್ರತಿಯೊಂದಕ್ಕೂ ಗಂಡಸಿನ ಮೊದಲ ಪೆಟ್ಟು ಬೇಕು. ಗಿರೀಶ ಬಾಡಿಗೆಗೆ ಹೋದರೆ ಮನೆಯಲ್ಲಿರುವ ಗಂಡಸು ಒಬ್ಬನೇ. "ಎತ್ತಬ್ಯಾಡ್ರಿ, ಬಗ್ಗಬ್ಯಾಡ್ರಿ, ಕುಂತಲ್ಲೇ ಹೊಡೀರಿ" ಅಂತ ಚಿನ್ನಕ್ಕ ಕಾಯಿ ಹಿಡಿಯುವುದು, ಅವನು ಹೊಡೆಯುವುದು. ಕಣ್ಣು ಸ್ವಲ್ಪ ಸ್ವಲ್ಪ ತಿಳಿಯಾಗಿ ಪೆಟ್ಟು ನೆಟ್ಟಗೆ ಬೀಳತೊಡಗಿತು, ಅದಕ್ಕೆ ಸೊಸೆಯಿಂದ ಬೈಗುಳ. "ಮಾವ, ಸೊಟ್ಟಗೆ ಒಡೀರಿ ಅಂದ್ರೆ ಅರ್ಥ ಆಗಲ್ವಾ? ಇದು ಮೂರನೇದು!" "ಹೊಡೀತೀನಿ ಬಿಡವ್ವ," ಅಂತ ನೀರನ್ನೇ ನಿಲ್ಲಿಸಿದ ಲಸ್ಕರ್ ತಗ್ಗಿದ ದನಿಯಲ್ಲಿ ಅನ್ನುತ್ತಿದ್ದ. ತೋಡಿದ ತಿರುಳು ಬಿಸಾಡುವುದು ಚಿನ್ನಕ್ಕನಿಗೆ ಗೊತ್ತಿಲ್ಲ. ಮಜ್ಜಿಗೆ ಹುಳಿ, ಪಲ್ಯ, ಸಾಂಬಾರು, ಹಲ್ವ, ಮತ್ತೆ ಮಜ್ಜಿಗೆ ಹುಳಿ. ನಾನು ಊರಿಗೆ ಓಡಿ ಬಂದದ್ದು ಅದಕ್ಕೇ.

ಬರುವ ಮೊದಲು ಆ ಸೋಮವಾರ ಬಂತು. ಬೆಳಿಗ್ಗೆ ಪವಿತ್ರಳ ಫೋನು ಬಡಿದುಕೊಂಡಿತು. ಅವಳ ಕೈ ತುಂಬ ಅಂಟು. ಎದ್ದು ಬರುವಷ್ಟರಲ್ಲಿ ಚಿನ್ನಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ತೆಗೆದುಕೊಂಡಳು.

"ಯಾರು? ಜಗದೀಶಪ್ಪನೇನು? ಹೂಂ, ನಾನು ಆಕಿ ಅತ್ತಿ. ಇಲ್ಲಪ್ಪ, ಆಕಿ ಬರಂಗಿಲ್ಲ. ಯಾಕಂದ್ರ? ಕೆಮ್ಮು ಕಡಿಮಿ ಆಗೈತಿ, ಅದಕ್ಕ ಬರಂಗಿಲ್ಲ. ಜಾಗ ಬ್ಯಾರೆಯೋರಿಗೆ ಕೊಡು. ಕೊಡೋ ಮುಂದ ಆ ಹುಡುಗಿ ಮೂಗಿಗೆ ಒಂದು ಚಲೋ ಬಟ್ಟಿ ಕೊಡು. ಹೂಂ. ಇಡು."

ಪವಿತ್ರ ಬಾಗಿಲಲ್ಲಿ ನಿಂತಿದ್ದಳು.

"ಏನ್ ನೋಡ್ತೀ?" ಅಂದಳು ಚಿನ್ನಕ್ಕ. "ಸಾರಿನಾಗ ಚಮಕಿ ಬಿತ್ತಂದ್ರ ಇವತ್ತೂ ಬಿಡಂಗಿಲ್ಲ. ಹೋಗು, ನಿಮ್ಮ ಮಾವ ಮಚ್ಚು ಹಿಡ್ಕೊಂಡು ಆಗ್ಲಿಂದ ಕುಂತಾರ."

ಇಷ್ಟೇ. ಇದನ್ನು ನಿಮ್ಮಷ್ಟಕ್ಕೆ ಕೇಳಿ ಅಳಿಸಬೇಡಿ. ಯೂನಿಟ್ಟಿಗೆ ಹೋಗುವ ಹೆಣ್ಣುಮಕ್ಕಳು ಯಾರ ಮನೆಯಲ್ಲಿದ್ದಾರೋ ಅವರಿಗೆ ಕಳಿಸಿ, ಅವರ ಅತ್ತೆಯಂದಿರಿಗೆ ಮೊದಲು ಕಳಿಸಿ. ನನ್ನ ಹೆಸರು ಬಿಟ್ಟರೂ ನಡೆಯುತ್ತದೆ. ಉರಿಯುವ ರಾಣಿಯನ್ನು ಹಿಡಿದುಕೊಂಡು ತಿಮ್ಮಪ್ಪ "ಎಷ್ಟು ದಿಷ್ಟಿ ಐತಿ ಗಾಡಿಗೆ" ಅಂದನಲ್ಲ, ಆ ಮಾತನ್ನು ಮಾತ್ರ ಬಿಡಬೇಡಿ. ನವೀನ, ನೀನೇ ಮೊದಲು ಕಳಿಸು. ಕಳಿಸಿದೆಯೋ ಇಲ್ಲವೋ ಅಂತ ನಾಳೆ ಕೇಳುತ್ತೇನೆ, ನನಗೆ ಮರೆಯುವುದಿಲ್ಲ.